ಗೇರ್‌ಬಾಕ್ಸ್ ಇಳಿಸುವ ಮುನ್ನ ಇಷ್ಟು ನೋಡಿ

ಗೇರ್ ಬೀಳುತ್ತಿಲ್ಲ. ಬಿದ್ದರೂ ಕರ್ರ್ ಅಂತ ಸದ್ದು. ಇಷ್ಟಾದರೆ ಸಾಕು, ‘ಗೇರ್‌ಬಾಕ್ಸ್ ಹೋಯ್ತು’ ಎಂಬ ತೀರ್ಪು ಬಂದುಬಿಡುತ್ತದೆ. ನನ್ನ ಕಾರಿಗೂ ಒಮ್ಮೆ ಹಾಗೇ ಹೇಳಿದ್ದರು. ಇಳಿಸಲೇಬೇಕು ಅಂದರು. ಕೊನೆಗೆ ನೋಡಿದರೆ ಗೇರ್ ಕೇಬಲ್‌ನ ತುದಿಯಲ್ಲಿ ಹೆಬ್ಬೆರಳ ಉಗುರಿನಷ್ಟು ದೊಡ್ಡ ಪ್ಲಾಸ್ಟಿಕ್ ಬುಷ್, ಅಂದರೆ ಬಳೆಯಂಥ ತುಂಡು, ಒಡೆದಿತ್ತು, ಅಷ್ಟೇ. ಅಂದಿನಿಂದ ನಾನು ಹೊರಗಿನದನ್ನೆಲ್ಲ ನೋಡಿ ಮುಗಿಸಿದ ಮೇಲೆಯೇ ಒಳಗಿನ ಮಾತಿಗೆ ಬರುತ್ತೇನೆ.

ಇಲ್ಲಿ ಹೇಳುವುದು ಮ್ಯಾನುಯಲ್ ಗೇರ್ ಇರುವ, ಎಂಜಿನ್ನಿನ ಎಳೆತ ಮುಂದಿನ ಚಕ್ರಗಳಿಗೆ ಹೋಗುವ ಸಣ್ಣ ಕಾರುಗಳ ಬಗ್ಗೆ. ಆಟೊಮ್ಯಾಟಿಕ್‌ನ ಕಥೆಯೇ ಬೇರೆ.

ಮೊದಲು ಎಂಜಿನ್ ಆಫ್ ಮಾಡಿ

ಕಾರು ನಿಂತಿರಲಿ. ಎಂಜಿನ್ ಆಫ್ ಇರಲಿ. ಕ್ಲಚ್ ಒತ್ತಿ ಒಂದೊಂದೇ ಗೇರ್ ಹಾಕಿ ನೋಡಿ. ಯಾವುದೋ ಒಂದು ಬೀಳದಿದ್ದರೆ ಗಾಬರಿ ಬೇಡ. ಒಳಗೆ ಹಲ್ಲಿಗೆ ಹಲ್ಲು ಎದುರಾಗಿ ನಿಂತಿರಬಹುದು. ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಟ್ಟು, ಮತ್ತೆ ಒತ್ತಿ ಪ್ರಯತ್ನಿಸಿ. ಆಗಲೂ ಬೀಳದಿದ್ದರೆ ಕಾರನ್ನು ಒಂದು ಗೇಣು ಮುಂದೆ ತಳ್ಳಿ ನೋಡಿ.

ಎಂಜಿನ್ ಆಫ್ ಇದ್ದಾಗ ಎಲ್ಲ ಗೇರ್ ಬೆಣ್ಣೆಯ ಹಾಗೆ ಬಿದ್ದು, ಸ್ಟಾರ್ಟ್ ಮಾಡಿದ ಮೇಲೆ ಬಿಗಿಯಾದರೆ ಮೊದಲ ಅನುಮಾನ ಕ್ಲಚ್ ಮೇಲೆ. ನೀವು ಪೆಡಲ್ ಪೂರ್ತಿ ಒತ್ತಿದರೂ ಅದು ಎಂಜಿನ್ನನ್ನು ಪೂರ್ತಿ ಬಿಡುತ್ತಿಲ್ಲ. ಇದನ್ನು ಖಚಿತ ಮಾಡಿಕೊಳ್ಳಲು ಎಂಜಿನ್ ಐಡಲ್‌ನಲ್ಲಿರಲಿ, ಕ್ಲಚ್ ಒತ್ತಿ ಹಿಡಿದು ನಿಧಾನವಾಗಿ ಐದು ಎಣಿಸಿ, ಆಮೇಲೆ ರಿವರ್ಸ್ ಹಾಕಿ. ಅಷ್ಟು ಹೊತ್ತಿಗೆ ಒಳಗಿನ ಶಾಫ್ಟ್ ತಿರುಗುವುದನ್ನು ನಿಲ್ಲಿಸಿರಬೇಕು. ಆಗಲೂ ಕರಕರ ಎಂದರೆ ಕ್ಲಚ್ ಎಳೆಯುತ್ತಿದೆ.

ಕೇಬಲ್ ಕ್ಲಚ್ ಆದರೆ ಕೇಬಲ್ ಉದ್ದವಾಗಿರಬಹುದು, ಎಳೆಗಳು ಕಿತ್ತಿರಬಹುದು. ಅಡ್ಜಸ್ಟ್ ಮಾಡಿ, ಸವೆದಿದ್ದರೆ ಬದಲಿಸಿ. ಹೈಡ್ರಾಲಿಕ್ ಆದರೆ ಫ್ಲೂಯಿಡ್ ಮಟ್ಟ ನೋಡಿ. ಕಡಿಮೆಯಾಗಿದ್ದರೆ ಸುಮ್ನೆ ತುಂಬಿಸಿ ಮರೆಯಬೇಡಿ, ಅದು ಎಲ್ಲೋ ಸೋರುತ್ತಿದೆ. ಎಷ್ಟೋ ಕಾರುಗಳಲ್ಲಿ ಬ್ರೇಕ್‌ಗೂ ಕ್ಲಚ್‌ಗೂ ಡಬ್ಬಿ ಒಂದೇ. ಸೋರಿಕೆ ಸರಿಮಾಡಿ, ಪೈಪಿನಲ್ಲಿ ಸೇರಿಕೊಂಡ ಗಾಳಿ ತೆಗೆದರೆ ಪೆಡಲ್‌ಗೆ ಜೀವ ಬರುತ್ತದೆ. ಅಂದಹಾಗೆ, ಇದೆಲ್ಲಕ್ಕಿಂತ ಮೊದಲು ಕಾಲಡಿಯ ಮ್ಯಾಟ್ ಸರಿದು ಪೆಡಲ್ ಕೆಳಗೆ ಸೇರಿದೆಯಾ ನೋಡಿ. ನಗಬೇಡಿ, ಹೀಗೂ ಆಗುತ್ತದೆ.

ಬಿಗಿ ಎಂಜಿನ್ ಆಫ್ ಇದ್ದಾಗಲೂ ಹಾಗೇ ಇದ್ದರೆ ಕ್ಲಚ್ ಬಿಟ್ಟು ಲಿವರ್ ಕಡೆ ತಿರುಗಿ.

ಲಿವರ್‌ನಿಂದ ಡಬ್ಬದವರೆಗೆ

ಎಂಜಿನ್ ಆಫ್ ಇರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ. ಒಬ್ಬರು ಒಳಗೆ ಕೂತು ಗೇರ್ ಬದಲಿಸಲಿ, ನೀವು ಬಾನೆಟ್ ಎತ್ತಿ ಗೇರ್‌ಬಾಕ್ಸ್ ಮೇಲೆ ಕಣ್ಣಿಡಿ. ಸಾಮಾನ್ಯವಾಗಿ ಅಲ್ಲಿ ಎರಡು ಕೇಬಲ್ ಇರುತ್ತವೆ. ಒಂದು ಲಿವರ್‌ನ ಹಿಂದೆ ಮುಂದೆ ಚಲನೆಗೆ, ಇನ್ನೊಂದು ಎಡ ಬಲಕ್ಕೆ. ಲಿವರ್ ಅಲ್ಲಾಡಿದರೂ ಈ ಕಡೆ ತೋಳು ತಡವಾಗಿ ಅಲ್ಲಾಡುತ್ತಿದೆಯೇ? ಹಾಗಾದರೆ ಬುಷ್ ಸವೆದಿದೆ, ಇಲ್ಲವೇ ಕ್ಲಿಪ್ ಬಿದ್ದಿದೆ. ಇದು ನೀವೇ ಮಾಡಬಹುದಾದ ಕೆಲಸ.

ಗೇರ್ ತಾನಾಗಿ ಹಾರಿ ನ್ಯೂಟ್ರಲ್‌ಗೆ ಬರುತ್ತಿದ್ದರೆ ಎಂಜಿನ್ ಮೌಂಟ್ ಕೂಡ ನೋಡಿ. ಅದರ ರಬ್ಬರ್ ಹರಿದಿದ್ದರೆ ಆಕ್ಸಿಲರೇಟರ್ ಒತ್ತಿದಾಗಲೂ ಬಿಟ್ಟಾಗಲೂ ಎಂಜಿನ್ ವಾಲುತ್ತದೆ, ವಾಲುವಾಗ ಗೇರನ್ನೂ ಎಳೆದುಕೊಳ್ಳುತ್ತದೆ.

ಕಿವಿಗೊಟ್ಟು ಕೇಳಿ

ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲಿ, ಕಾಲು ಪೆಡಲ್ ಮೇಲೆ ಬೇಡ. ಗರಗರ ಸದ್ದು ಇದ್ದು, ಕ್ಲಚ್ ಒತ್ತಿದ ಕೂಡಲೇ ನಿಂತರೆ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಬೇರಿಂಗ್ ಸವೆದಿರಬಹುದು. ಇದರ ಉಲ್ಟಾ, ಒತ್ತಿದಾಗಲೇ ಸದ್ದು ಶುರುವಾದರೆ ಅದು ಕ್ಲಚ್ ರಿಲೀಸ್ ಬೇರಿಂಗ್. ಒಂದೇ ಗೇರಿನಲ್ಲಿ ಕೂಗಿದರೆ ಆ ಗೇರಿನ ಹಲ್ಲು ಅಥವಾ ಬೇರಿಂಗ್. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಟಕ್ ಟಕ್ ಎಂದರೆ ಡ್ರೈವ್ ಶಾಫ್ಟ್‌ನ ಜಾಯಿಂಟ್, ಅದಕ್ಕೂ ಗೇರ್‌ಬಾಕ್ಸ್‌ಗೂ ಸಂಬಂಧವಿಲ್ಲ. ರಿವರ್ಸ್‌ನಲ್ಲಿ ಉಂಯ್ ಎನ್ನುವುದು ಹೆಚ್ಚಿನ ಕಾರುಗಳಲ್ಲಿ ಸಹಜ. ಅದರ ಹಲ್ಲುಗಳು ನೇರವಾಗಿರುವುದರಿಂದ ಆ ಸದ್ದು.

ಆಯಿಲ್ ಸುಳ್ಳು ಹೇಳುವುದಿಲ್ಲ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಕಾರು ಸ್ವಲ್ಪ ಓಡಿಸಿ ಆಯಿಲ್ ಬೆಚ್ಚಗಾಗಲಿ. ಆಮೇಲೆ ಕಾರನ್ನು ಮಟ್ಟವಾಗಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಲೇಬೇಡಿ.

ಮೊದಲು ಬಿಚ್ಚಬೇಕಾದದ್ದು ಮೇಲಿನ, ಆಯಿಲ್ ತುಂಬಿಸುವ ಪ್ಲಗ್. ಕೆಳಗಿನದ್ದನ್ನು ಮೊದಲು ಬಿಚ್ಚಿ ಎಲ್ಲ ಸುರಿದ ಮೇಲೆ, ಮೇಲಿನದ್ದು ತುಕ್ಕು ಹಿಡಿದು ಅಲ್ಲಾಡದಿದ್ದರೆ ಕಾರು ಅಲ್ಲೇ ಉಳಿಯಿತು ಎಂದೇ ಲೆಕ್ಕ. ಡ್ರೈನ್ ಪ್ಲಗ್‌ನಲ್ಲಿ ಎಷ್ಟೋ ಸಲ ಅಯಸ್ಕಾಂತ ಇರುತ್ತದೆ. ಅದಕ್ಕೆ ಬೂದು ಬಣ್ಣದ ನುಣ್ಣನೆ ಕೆಸರು ಅಂಟಿದ್ದರೆ ಮಾಮೂಲಿ ಸವೆತ. ಉಗುರಿಗೆ ಸಿಗುವಂಥ ಚೂರು, ಹಲ್ಲಿನ ತುಂಡು ಬಂದರೆ ಕಾರು ಓಡಿಸುವುದು ನಿಲ್ಲಿಸಿ. ಆಯಿಲ್‌ನಲ್ಲಿ ಚಿನ್ನದ ಪುಡಿಯ ಹಾಗೆ ಮಿನುಗಿದರೆ ಅದು ಹಿತ್ತಾಳೆ, ಅಂದರೆ ಗೇರ್ ಸದ್ದಿಲ್ಲದೆ ಸೇರಲು ನೆರವಾಗುವ ಸಿಂಕ್ರೊ ರಿಂಗ್ ಸವೆಯುತ್ತಿದೆ.

ಹೊಸ ಆಯಿಲ್ ಯಾವುದು? ಕಾರಿನ ಪುಸ್ತಕದಲ್ಲಿ ಹೇಳಿದ್ದೇ. ಆಯಿಲ್‌ನ ದರ್ಜೆ ಜಿಎಲ್-4 ಎಂದು ಬರೆದಿದ್ದರೆ ಜಿಎಲ್-5 ಹಾಕಬೇಡಿ. ನಂಬರ್ ದೊಡ್ಡದಾದರೆ ಆಯಿಲ್ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜಿಎಲ್-5ರಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ. ಅಂಥ ಕೆಲವು ಆಯಿಲ್ ಹಿತ್ತಾಳೆ ರಿಂಗುಗಳಿಗೆ ಆಗಿಬರುವುದಿಲ್ಲ. 75ಡಬ್ಲ್ಯು-80, 75ಡಬ್ಲ್ಯು-90 ಎಂಬ ಮಂದತೆಯ ಅಂಕಿಯೂ ಪುಸ್ತಕದಂತೆಯೇ ಇರಲಿ. ಡ್ರೈನ್ ಪ್ಲಗ್‌ಗೆ ಹೊಸ ವಾಶರ್ ಹಾಕಿ. ಸಾಮಾನ್ಯವಾಗಿ ಮೇಲಿನ ತೂತಿನ ಅಂಚಿನಿಂದ ಆಯಿಲ್ ತೊಟ್ಟಿಕ್ಕುವವರೆಗೆ ತುಂಬಿಸಿದರೆ ಮಟ್ಟ ಸರಿ. ಸಣ್ಣ ಕಾರಿಗೆ ಸುಮಾರು 2 ಲೀಟರ್ ಹಿಡಿಸುತ್ತದೆ.

ಆಯಿಲ್ ಕಡಿಮೆ ಇತ್ತಾ? ಹಾಗಾದರೆ ಡ್ರೈವ್ ಶಾಫ್ಟ್ ಗೇರ್‌ಬಾಕ್ಸ್‌ಗೆ ಸೇರುವ ಕಡೆ ಎರಡೂ ಸೀಲ್‌ಗಳನ್ನು ಒರೆಸಿ ನೋಡಿ. ಸೋರಿಕೆ ಹೆಚ್ಚಾಗಿ ಅಲ್ಲೇ. ಗೇರ್‌ಬಾಕ್ಸ್ ಇಳಿಸದೆ ಶಾಫ್ಟ್ ಎಳೆದು ಈ ಸೀಲ್ ಬದಲಿಸಬಹುದು.

ಬಿಚ್ಚಲೇಬೇಕು ಅನ್ನಿಸಿದಾಗ

ಉಳಿದ ಗೇರುಗಳೆಲ್ಲ ಸರಿ, ಎರಡನೆಯದು ಮಾತ್ರ ಕರ್ರ್ ಎಂದರೆ ಆ ಗೇರಿನ ಸಿಂಕ್ರೊ ಸವೆದಿದೆ. ಗೇರ್ ಸೇರುವ ಮುನ್ನ ಎರಡು ಭಾಗಗಳ ವೇಗವನ್ನು ಉಜ್ಜಿ ಸಮ ಮಾಡುವುದು ಈ ರಿಂಗ್‌ನ ಕೆಲಸ. ಹೊಸ ಆಯಿಲ್‌ನಿಂದ ಕೊಂಚ ಸಮಾಧಾನ ಸಿಗಬಹುದು, ಸವೆದ ರಿಂಗ್ ಮತ್ತೆ ಬೆಳೆಯುವುದಿಲ್ಲ. ರಿಪೇರಿಯಾಗುವವರೆಗೆ ಹಳೇ ಲಾರಿ ಡ್ರೈವರ್‌ಗಳ ಉಪಾಯ ಬಳಸಿ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ಬಿಡಿ, ಮತ್ತೆ ಒತ್ತಿ ಗೇರ್ ಹಾಕಿ. ಮೇಲಿನ ಗೇರಿನಿಂದ ಕೆಳಕ್ಕೆ ಇಳಿಸುವಾಗ ನಡುವೆ ಆಕ್ಸಿಲರೇಟರ್ ಸ್ವಲ್ಪ ಒತ್ತಿ.

ಸಿಂಕ್ರೊ, ಬೇರಿಂಗ್, ಒಳಗೆ ಗೇರ್ ಸೇರಿಸುವ ಕವೆಯಂಥ ಫೋರ್ಕ್ ಬದಲಿಸಲು ಗೇರ್‌ಬಾಕ್ಸ್ ಇಳಿಯಲೇಬೇಕು. ಎಂಜಿನ್ನಿಗೆ ಆಸರೆ ಕೊಡಬೇಕು, ಶಾಫ್ಟ್ ತೆಗೆಯಬೇಕು, ಒಳಗಿನ ಬೇರಿಂಗ್‌ಗೆ ಪುಲ್ಲರ್, ಪ್ರೆಸ್ ಬೇಕು. ಇದನ್ನು ಅನುಭವ ಇದ್ದವರಿಗೆ ಬಿಡುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ. ಆದರೆ ಎರಡು ಮಾತು ಹೇಳಿ ಕೊಡಿ. ಕೂರಿಸುವಾಗ ಗೇರ್‌ಬಾಕ್ಸ್‌ನ ಭಾರವನ್ನು ಇನ್‌ಪುಟ್ ಶಾಫ್ಟ್ ಮೇಲೆ ನೇತುಬಿಡಬಾರದು, ಕ್ಲಚ್ ಪ್ಲೇಟ್ ಹಾಳಾಗುತ್ತದೆ. ಮತ್ತೆ, ಹೇಗೂ ಇಳಿಸಿದ್ದಾಗಿದೆ, ಕ್ಲಚ್ ಪ್ಲೇಟ್ ಮತ್ತು ರಿಲೀಸ್ ಬೇರಿಂಗ್ ಸವೆದಿದ್ದರೆ ಆಗಲೇ ಬದಲಿಸಿ. ಎಂಜಿನ್‌ನ ಹಿಂದಿನ ಸೀಲ್ ಕೂಡ ನೋಡಿಸಿ. ಅದಕ್ಕೆಂದೇ ಇನ್ನೊಮ್ಮೆ ಇಷ್ಟೆಲ್ಲ ಬಿಚ್ಚುವುದು ಯಾರಿಗೆ ಬೇಕು, ಅಲ್ವಾ?

ಕಾರು ಮನೆಗೆ ಬಂದ ರಾತ್ರಿ ಗೇರ್‌ಬಾಕ್ಸ್ ಕೆಳಗೆ ಒಂದು ರಟ್ಟು ಹಾಸಿಡಿ. ಬೆಳಿಗ್ಗೆ ಅದರ ಮೇಲೆ ಹನಿ ಕಂಡರೆ ಓಡಿಸದೆ, ಕೆಲಸ ಮಾಡಿದವರಿಗೆ ಫೋನ್ ಮಾಡಿ.