ಐದನೇ ಕ್ಲಾಸು, ಐದು ಮನೆಮಾತು

ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಒಂದು ಕನ್ನಡ ಶಾಲೆಯಲ್ಲಿ ನಾನು ಟೀಚರ್ ಕೆಲಸಕ್ಕೆ ಸೇರಿದ ವರ್ಷ. ಜೂನ್ ಎರಡನೇ ವಾರ. ಹಾಜರಿ ಪುಸ್ತಕ ಹಿಡಿದುಕೊಂಡು ಐದನೇ ಕ್ಲಾಸಿನ ಬಾಗಿಲಿಗೆ ಬಂದೆ. ಅಲ್ಲಿ ನಿಂತಿದ್ದ ಹುಡುಗ ನನ್ನನ್ನು ನೋಡಿ ಒಳಗೆ ತಿರುಗಿ ಜೋರಾಗಿ ಕೂಗಿದ: “ಏ, ಟೀಚರ್ ಬಂತು, ಟೀಚರ್ ಬಂತು!”

ಬಸ್ಸು ಬಂತು, ದನ ಬಂತು ಅಂದ ಹಾಗೆ ಕೇಳಿಸಿತು ನನಗೆ. ತುಂಬ ಸಿಟ್ಟು ಬಂತು. ಇಡೀ ಪಿರಿಯಡ್ ಅವನನ್ನು ನಿಲ್ಲಿಸಿದೆ. ಯಾಕೆ ನಿಂತಿದ್ದೇನೆ ಅಂತಲೇ ಅವನಿಗೆ ಗೊತ್ತಾಗಲಿಲ್ಲ. ಕಣ್ಣು ತುಂಬಿಕೊಂಡು ಕಿಟಕಿ ಕಡೆ ನೋಡುತ್ತ ನಿಂತಿದ್ದ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ನಮ್ಮ ಹಿರಿಯ ಮಾಷ್ಟ್ರೊಬ್ಬರು ಮೆಲ್ಲಗೆ ಕೇಳಿದರು: “ಅವನ ಮನೆಯಲ್ಲಿ ಮಲಯಾಳ ಅಲ್ವಾ ಟೀಚರೇ? ಅಲ್ಲಿ ಅಪ್ಪ ಬಂದರೂ ‘ವನ್ನು’, ಬೆಕ್ಕು ಬಂದರೂ ‘ವನ್ನು’. ಕ್ರಿಯಾಪದ ಬದಲಾಗುವುದೇ ಇಲ್ಲ. ಅವ ಎಂತ ಮಾಡುವುದು?” ಆಮೇಲೆ ಇನ್ನೊಂದು ಮಾತು ಸೇರಿಸಿದರು. ಹವ್ಯಕರ ಮನೆಗಳಲ್ಲೂ ಹೆಂಗಸರ ವಿಷಯದಲ್ಲಿ ‘ಬಂತು, ಹೋತು’ ಅಂತಲೇ ಹೇಳುತ್ತಾರೆ. ಅಜ್ಜಿಯ ಮೇಲೆ ಎಷ್ಟು ಪ್ರೀತಿ ಇದ್ದರೂ ‘ಅಜ್ಜಿ ಹೇಳಿತ್ತು’ ಅಂತಲೇ. ಅದರಲ್ಲಿ ಅಗೌರವ ಒಂಚೂರೂ ಇಲ್ಲ.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮರುದಿನ ಆ ಹುಡುಗನನ್ನು ಕರೆದು, ನಿನ್ನೆ ತಪ್ಪು ನನ್ನದು ಅಂತ ಹೇಳಿದೆ. ಅವನು ನಂಬಲಾರದೆ ನನ್ನ ಮುಖ ನೋಡಿದ. ಕ್ಲಾಸನ್ನು ಹೇಗೆ ಹಿಡಿತದಲ್ಲಿ ಇಟ್ಟುಕೊಳ್ಳಬೇಕು ಅಂತ ಟ್ರೈನಿಂಗಿನಲ್ಲಿ ಕಲಿತದ್ದನ್ನೆಲ್ಲ ನಾನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಈ ಗಡಿಯ ಕ್ಲಾಸುಗಳಲ್ಲಿ ನಮಗೆ ಹಠ, ಉದ್ಧಟತನ, ಸೋಮಾರಿತನ ಅಂತ ಕಾಣುವುದರಲ್ಲಿ ಜಾಸ್ತಿ ಪಾಲು ಭಾಷೆಯದ್ದು. ಉಳಿದದ್ದು ಹೆಚ್ಚಾಗಿ ನಿದ್ದೆಯದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮದು ಮಂಜೇಶ್ವರ ತಾಲೂಕಿನ ಒಳಭಾಗದ ಒಂದು ಕನ್ನಡ ಮಾಧ್ಯಮ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆ. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಶಾಲೆಗಳಲ್ಲಿ ಕನ್ನಡ ಉಳಿಯಿತು. ಆದರೆ ನನ್ನ ಕ್ಲಾಸಿನಲ್ಲಿ ಮನೆಯಲ್ಲಿ ಪುಸ್ತಕದ ಕನ್ನಡ ಮಾತಾಡುವ ಮಕ್ಕಳು ಬೆರಳೆಣಿಕೆಯಷ್ಟು. ತುಳು, ಮಲಯಾಳ, ಬ್ಯಾರಿ, ಹವ್ಯಕ, ಕೊಂಕಣಿ, ಕೆಲವು ವರ್ಷ ಮರಾಠಿ. ಸಪ್ತಭಾಷಾ ನಾಡು ಅಂತ ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಸೋಮವಾರ ಬೆಳಿಗ್ಗೆ 10 ಗಂಟೆಗೆ ಆ ಏಳೂ ಭಾಷೆ ಒಂದೇ ಕೋಣೆಯಲ್ಲಿ ಕೂತಾಗ ಎಂತ ಆಗುತ್ತದೆ ಅಂತ ಟೀಚರಿಗೆ ಮಾತ್ರ ಗೊತ್ತು. ಅದರಲ್ಲೂ ಐದನೇ ಕ್ಲಾಸು ಯು.ಪಿ.ಯ ಮೊದಲ ಮೆಟ್ಟಿಲು. ಬೇರೆ ಬೇರೆ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಗಳಿಂದ ಮಕ್ಕಳು ಬಂದು ಸೇರುತ್ತಾರೆ. ಒಬ್ಬರಿಗೊಬ್ಬರ ಪರಿಚಯವೂ ಇರುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಪಾಠ ಮುಗಿಸಿ ನಾನು “ಈಗ ಕೇಳಿ” ಅನ್ನುತ್ತಿದ್ದೆ. ಪ್ರಶ್ನೆ ಕೇಳಿ ಅಂತ ಅರ್ಥ. ತುಳು ಮಕ್ಕಳು ಕೈ ಎತ್ತುತ್ತಿದ್ದರು. ಮಲಯಾಳ ಮನೆಯ ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಸುಮ್ನೆ ಕೂತುಕೊಳ್ಳುತ್ತಿದ್ದರು. ಇವರಿಗೆ ಆಸಕ್ತಿಯೇ ಇಲ್ಲ ಅಂತ ನಾನು ಎರಡು ವರ್ಷ ಅಂದುಕೊಂಡಿದ್ದೆ. ಕನ್ನಡದಲ್ಲಿ, ತುಳುವಿನಲ್ಲಿ ಕಿವಿಯಿಂದ ಕೇಳುವುದಕ್ಕೂ ಪ್ರಶ್ನೆ ಕೇಳುವುದಕ್ಕೂ ಒಂದೇ ಮಾತು. ಮಲಯಾಳದಲ್ಲಿ ಹಾಗಲ್ಲ. ‘ಕೇಳ್ಕುಗ’ ಅಂದರೆ ಕಿವಿಯಿಂದ ಕೇಳುವುದು, ಪ್ರಶ್ನೆ ಕೇಳುವುದಕ್ಕೆ ‘ಚೋದಿಕ್ಕುಗ’. ಆ ಮಕ್ಕಳು ನಾನು ಹೇಳಿದ್ದನ್ನೇ ಮಾಡುತ್ತಿದ್ದರು. ಕಿವಿಗೊಟ್ಟು ಕೂತಿದ್ದರು!

ಇನ್ನೊಂದು ಸಲ ಒಬ್ಬಳು ಎದ್ದು ನಿಂತು, “ಟೀಚರ್, ಇವ ಸಂಸಾರ ಮಾಡ್ತಾನೆ” ಅಂತ ದೂರು ಕೊಟ್ಟಳು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮಲಯಾಳದಲ್ಲಿ ‘ಸಂಸಾರ’ ಅಂದರೆ ಮಾತು. ಅವಳು ಹೇಳಿದ್ದು ಪಕ್ಕದವನು ಮಾತಾಡುತ್ತಾನೆ ಅಂತ. ಆ ನಗುವಿನ ನಂತರ ಅವಳು ಒಂದು ತಿಂಗಳು ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ಆಗ ನಾನು ಒಂದು ನಿಯಮ ಮಾಡಿದೆ. ಬೇರೆಯವರ ಮಾತಿಗೆ ನಕ್ಕವರು ಆ ಮಾತಿನ ಅರ್ಥ ಕೇಳಿ ತಿಳಿದುಕೊಂಡು ಬೋರ್ಡಿನ ಮೂಲೆಯಲ್ಲಿ ಬರೆಯಬೇಕು. ಸಂಸಾರ: ಇಲ್ಲಿ ಕುಟುಂಬ, ಅಲ್ಲಿ ಮಾತು. ಅವಸರ: ಇಲ್ಲಿ ಗಡಿಬಿಡಿ, ಅಲ್ಲಿ ಅವಕಾಶ. ಓಣಂ ಪರೀಕ್ಷೆ ಬರುವಷ್ಟರಲ್ಲಿ ಆ ಮೂಲೆ ತುಂಬಿತ್ತು. ನಗುವುದು ನಿಂತಿತ್ತು. ಮಕ್ಕಳು ಇಂಥ ಪದಗಳನ್ನು ಹುಡುಕಿಕೊಂಡು ಬರುತ್ತಿದ್ದರು.

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ.

“ಅರ್ಥ ಆಯ್ತಾ?” ಅಂತ ಕೇಳುವುದನ್ನು ಪೂರ್ತಿ ಬಿಟ್ಟಿದ್ದೇನೆ. ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ, ಅಲ್ವಾ? ಅದರ ಬದಲು ಏನು ಮಾಡಬೇಕು ಅಂತ ಒಂದು ಸಲ ಕನ್ನಡದಲ್ಲಿ ನಿಧಾನವಾಗಿ ಹೇಳುತ್ತೇನೆ. ಒಂದು ಸಲಕ್ಕೆ ಒಂದೇ ಕೆಲಸ. ‘ಪುಸ್ತಕ ತೆಗೆದು, 32ನೇ ಪುಟ ನೋಡಿ, ಮೂರನೇ ಲೆಕ್ಕ ಮಾಡಿ’ ಅಂತ ಸರಪಣಿ ಹಾಗೆ ಹೇಳುವುದಿಲ್ಲ. ಆಮೇಲೆ ತುಳು ಮನೆಯ ಒಬ್ಬ ಅದನ್ನು ತುಳುವಿನಲ್ಲಿ ಹೇಳಬೇಕು, ಮಲಯಾಳ ಮನೆಯ ಒಬ್ಬಳು ಮಲಯಾಳದಲ್ಲಿ. ಕೊನೆಗೆ ಎಲ್ಲರಿಗಿಂತ ಹಿಂದಿನ ಬೆಂಚಿನ ಒಬ್ಬರು ಮತ್ತೆ ಕನ್ನಡದಲ್ಲಿ. ಇಷ್ಟಕ್ಕೆ ಒಂದು ನಿಮಿಷ ಸಾಕು. ತಪ್ಪಾಗಿ ತಿಳಿದುಕೊಂಡದ್ದು ಅಲ್ಲೇ ಹೊರಗೆ ಬೀಳುತ್ತದೆ. ಮೊದಲು ಐದು ನಿಮಿಷ ‘ಎಂತ ಮಾಡ್ಲಿಕ್ಕೆ? ಎಂತ ಬರೀಲಿಕ್ಕೆ?’ ಅಂತ ಪಕ್ಕದವರನ್ನು ಕೇಳುವ ಗುಸುಗುಸು ಇರುತ್ತಿತ್ತು. ನಾನು ಬೋರ್ಡಿಗೆ ಡಸ್ಟರ್ ಬಡಿದು ನಿಲ್ಲಿಸುತ್ತಿದ್ದದ್ದು ಅದೇ ಗುಸುಗುಸುವನ್ನು. ಈಗ ಅದು ತುಂಬ ಕಡಿಮೆ.

ಜಾಗದ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದೆ. ಒಂದು ವರ್ಷ ಒಂದೇ ಮನೆಮಾತಿನವರನ್ನು ಒಟ್ಟಿಗೆ ಕೂರಿಸಿದೆ, ಒಬ್ಬರಿಗೊಬ್ಬರು ಸಹಾಯ ಮಾಡಲಿ ಅಂತ. ಎರಡು ವಾರ ಚೆನ್ನಾಗಿತ್ತು. ಮೂರನೇ ವಾರ ಕಬಡ್ಡಿಗೆ ಟೀಮು ಆ ಬೆಂಚಿನ ಲೆಕ್ಕದಲ್ಲೇ ಆಯಿತು. ನಾಲ್ಕನೇ ವಾರ ಜಗಳವೂ ಅದೇ ಲೆಕ್ಕದಲ್ಲಿ. ಗುಂಪು ಕಟ್ಟಿದವಳು ನಾನೇ. ಈಗ ಪ್ರತಿ ಬೆಂಚಿನಲ್ಲಿ ಕನಿಷ್ಠ ಎರಡು ಭಾಷೆ ಇರಬೇಕು. ಮಗು ಬಂದ ಹೊಸದರಲ್ಲಿ ಮಾತ್ರ ಅದರ ಮನೆಮಾತು ಗೊತ್ತಿರುವ ಒಬ್ಬರು ಪಕ್ಕದಲ್ಲಿ ಇರುತ್ತಾರೆ. ಎರಡು ವಾರಕ್ಕೊಮ್ಮೆ ಜಾಗ ಬದಲು.

ಮಾತಾಡುವವರ ಹೆಸರು ಬರೆಯುವ ಲೀಡರ್ ಪದ್ಧತಿ ದಯವಿಟ್ಟು ಬಿಡಿ. ನಾವೆಲ್ಲ ಅದರಲ್ಲೇ ಬೆಳೆದವರು, ಆದ್ದರಿಂದ ಅದು ತಪ್ಪು ಅಂತ ಅನಿಸುವುದಿಲ್ಲ. ಒಂದು ದಿನ ನಾನು ಆಫೀಸಿಗೆ ಹೋಗಿ ಬಂದಾಗ ಬೋರ್ಡಿನಲ್ಲಿ ಎಂಟು ಹೆಸರಿತ್ತು. ಎಂಟೂ ಒಂದೇ ಭಾಷೆಯ ಮನೆಗಳದ್ದು. ಲೀಡರ್ ಕೆಟ್ಟ ಹುಡುಗ ಅಲ್ಲ. ತನಗೆ ಅರ್ಥವಾಗದ ಭಾಷೆಯ ಮಾತು ಅವನಿಗೆ ಗಲಾಟೆಯಾಗಿ ಕೇಳಿಸಿತ್ತು, ಅಷ್ಟೇ. ನನ್ನ ಕಿವಿಗೂ ಹಾಗೇ ಕೇಳಿಸುತ್ತಿತ್ತಲ್ಲ. ಈಗ ನಾನು ಹೊರಗೆ ಹೋಗುವಾಗ ಬೋರ್ಡಿನಲ್ಲಿ ಒಂದು ಕೆಲಸ ಬರೆದಿಟ್ಟು ಹೋಗುತ್ತೇನೆ. ಹೆಸರು ಬರೆಯುವವರು ಯಾರೂ ಇಲ್ಲ.

ಬೆತ್ತದ ಬಗ್ಗೆ. ನನ್ನ ಮೇಜಿನ ಮೇಲೆ ಮೊದಮೊದಲು ಬೆತ್ತ ಇತ್ತು. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರ 17ನೇ ಸೆಕ್ಷನ್ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಎರಡನೆಯದನ್ನು ನಾವು ಮರೆಯುತ್ತೇವೆ. ಆ ಹುಡುಗನಿಗೆ ನಾನು ಬೆತ್ತ ಮುಟ್ಟಿಸಿರಲಿಲ್ಲ. ಬರೀ ನಿಲ್ಲಿಸಿದ್ದೆ. ನೋವು ಅದರಿಂದಲೇ ಆಗಿತ್ತು.

ಜೂನ್–ಜುಲೈ ಮಳೆ ಬೇರೆಯೇ ಕಥೆ. ನಮ್ಮ ಮಾಡಿಗೆ ಮಳೆ ಹೊಡೆಯಲು ಶುರುವಾದರೆ ನನ್ನ ಸ್ವರ ಎರಡನೇ ಬೆಂಚಿಗೂ ಮುಟ್ಟುವುದಿಲ್ಲ. ಮೊದಲು ಮಳೆಯ ಜತೆ ಸ್ಪರ್ಧೆಗೆ ನಿಂತವಳ ಹಾಗೆ ಕಿರುಚುತ್ತಿದ್ದೆ. ಮಕ್ಕಳೂ ಕಿರುಚುತ್ತಿದ್ದರು. ಆಗಸ್ಟಿಗೆ ಗಂಟಲು ಹೋಗುತ್ತಿತ್ತು. ಈಗ ‘ಮಳೆ ಕೆಲಸ’ ಅಂತ ಒಂದು ಡಬ್ಬ ಇದೆ. ಅದರಲ್ಲಿ ಸಣ್ಣ ಕತೆಯ ಹಾಳೆ, ಲೆಕ್ಕದ ಚೀಟಿ, ಚಿತ್ರ ನೋಡಿ ವಾಕ್ಯ ಬರೆಯುವ ಕಾರ್ಡು. ಮಳೆ ಜೋರಾದ ಕೂಡಲೇ ನಾನು ಕೈ ಎತ್ತುತ್ತೇನೆ. ಬೆಂಚಿಗೊಬ್ಬರು ಬಂದು ಹಾಳೆ ತೆಗೆದುಕೊಂಡು ಹೋಗುತ್ತಾರೆ. ಮಳೆ ನಿಲ್ಲುವವರೆಗೆ ಮಾತೇ ಇಲ್ಲ. ವರ್ಷದಲ್ಲಿ ನನ್ನ ಕ್ಲಾಸು ಎಲ್ಲಕ್ಕಿಂತ ಚಂದ ಕಾಣುವ ಹೊತ್ತು ಅದು. ಕೈಸನ್ನೆಗೆ ಭಾಷೆಯ ತೊಂದರೆ ಇಲ್ಲ ಅಂತ ನನಗೆ ಹೊಳೆದದ್ದೂ ಆ ಮಳೆಯಲ್ಲೇ. ಕೂತುಕೊಳ್ಳಿ, ನಿಲ್ಲಿಸಿ, ಇಬ್ಬಿಬ್ಬರಾಗಿ ಮಾತಾಡಿ, ನನ್ನನ್ನು ನೋಡಿ: ಈ ನಾಲ್ಕಕ್ಕೆ ನಾಲ್ಕು ಸನ್ನೆ. ಮೊದಲ ವಾರ ಪುಸ್ತಕ ತೆರೆಯುವ ಮೊದಲು ಇದನ್ನೇ ಆಟದ ಹಾಗೆ ಅಭ್ಯಾಸ ಮಾಡಿಸುತ್ತೇನೆ.

ಕೊಡೆಗಳದ್ದೂ ಹೇಳಬೇಕು. ಒದ್ದೆ ಕೊಡೆಗಳನ್ನು ಮೂಲೆಯಲ್ಲಿ ರಾಶಿ ಹಾಕಿದರೆ ಸಂಜೆ 4 ಗಂಟೆಗೆ ಜಗಳ ಖಂಡಿತ. ಕಡ್ಡಿ ಮುರಿದದ್ದು ಯಾರು, ನನ್ನದು ತೆಗೆದದ್ದು ಯಾರು. ಜಗುಲಿಯಲ್ಲಿ ಹಗ್ಗ ಕಟ್ಟಿ ಹಾಜರಿ ನಂಬರಿನ ಚೀಟಿ ಹಾಕಿದೆ. ಅವರವರ ನಂಬರಿನ ಜಾಗಕ್ಕೆ ಅವರವರ ಕೊಡೆ. ಅಲ್ಲಿಗೆ ಜಗಳ ಮುಗಿಯಿತು. ಊಟದ ಬಟ್ಟಲು ತೊಳೆಯುವ ನಳ್ಳಿಯ ಹತ್ತಿರವೂ ಇದೇ ಉಪಾಯ ನಡೆಯುತ್ತದೆ.

ಇನ್ನು ನಿದ್ದೆ. ಒಬ್ಬ ಹುಡುಗ ಕೊನೆಯ ಪಿರಿಯಡಿನಲ್ಲಿ ದಿನಾ ಮೇಜಿಗೆ ತಲೆ ಇಡುತ್ತಿದ್ದ. ಎಬ್ಬಿಸಿದರೆ ರೇಗುತ್ತಿದ್ದ. ಒಂದು ಶನಿವಾರ ಅವನ ಮನೆಗೆ ಹೋದೆ. ನಸುಕಿನಲ್ಲಿ 5 ಗಂಟೆಗೆ ಏಳುತ್ತಾನೆ. ಮದ್ರಸ ಮುಗಿಸಿ, ತಿಂಡಿ ತಿಂದು, ಗುಡ್ಡ ಇಳಿದು ಶಾಲೆಗೆ. ನಾನು ಅವನನ್ನು ನೋಡುವಾಗಲೇ ಅವನ ಎರಡನೇ ಶಾಲೆ ಶುರುವಾಗಿರುತ್ತದೆ. ಡಿಸೆಂಬರಿನಿಂದ ಮುಂದೆ ಇನ್ನು ಕೆಲವರಿಗೆ ಕೋಲ, ತೆಯ್ಯಂ, ಯಕ್ಷಗಾನದ ರಾತ್ರಿಗಳು. ಅಡಿಕೆ ಕೊಯ್ಲಿನ ಕಾಲಕ್ಕೆ ಅಂಗಳದ ಕೆಲಸ. ನಿದ್ದೆಗೆಟ್ಟ ಮಗುವಿಗೆ ಗಣಿತದ ಭಿನ್ನರಾಶಿ ತಲೆಗೆ ಹೋಗುವುದಿಲ್ಲ. ಹೆಡ್‌ಮಾಸ್ಟ್ರ ಹತ್ತಿರ ಕೇಳಿ ಗಣಿತವನ್ನು ಬೆಳಗ್ಗೆಗೆ ಹಾಕಿಸಿದೆ. ಕೊನೆಯ ಪಿರಿಯಡಿಗೆ ನಿಂತು ಮಾಡುವ, ಓಡಾಡಿ ಮಾಡುವ ಕೆಲಸ. ಶುಕ್ರವಾರ ಜುಮಾಕ್ಕಾಗಿ ಬಿಡುವು 12.30ರಿಂದ 2ರವರೆಗೆ. ಅಷ್ಟು ಉದ್ದದ ಬಿಡುವಿನಿಂದ ಬಂದವರು ಕೂಡಲೇ ಕೂರುವುದಿಲ್ಲ. ಆ ದಿನ 2 ಗಂಟೆಗೆ ನಾನು ಕತೆ ಓದುತ್ತೇನೆ. ತಡವಾಗಿ ಬಂದವರು ಮೆಲ್ಲಗೆ ಒಳಗೆ ಬಂದು ಕೂತರೆ ಆಯಿತು.

ಮನೆಯವರ ಜತೆ ಮಾತಾಡುವುದರಲ್ಲಿ ನಾನು ಒಂದು ದೊಡ್ಡ ಪಾಠ ಕಲಿತೆ. ಒಬ್ಬ ಹುಡುಗನ ಬಗ್ಗೆ ಡೈರಿಯಲ್ಲಿ ಕನ್ನಡದಲ್ಲಿ ದೂರು ಬರೆದು ಕಳಿಸಿದೆ. ತಾಯಿಗೆ ಕನ್ನಡ ಓದಲು ಬರುವುದಿಲ್ಲ. ಅಪ್ಪ ಗಲ್ಫಿನಲ್ಲಿ. ಓದಿ ಹೇಳಿದವನು ಅವನೇ! ಕ್ಲಾಸ್ ಪಿಟಿಎಗೆ, ಅಂದರೆ ಹೆತ್ತವರ ಸಭೆಗೆ, ಬಂದಾಗ ತಾಯಿ ಸಂತೋಷದಿಂದ ಹೇಳಿದರು, “ಟೀಚರ್ ಒಳ್ಳೆಯದು ಬರೆದಿದ್ದೀರಂತೆ.” ಅವರ ಮುಖ ನೋಡಿ ನನಗೆ ದೂರು ಹೇಳಲು ಆಗಲಿಲ್ಲ. ಅವನಲ್ಲಿ ನಿಜವಾಗಿ ಇದ್ದ ಒಂದೆರಡು ಒಳ್ಳೆಯ ಗುಣ ಹೇಳಿದೆ. ಮರುದಿನ ಆ ಹುಡುಗ ಬೆಳಗ್ಗೆ ಬಂದು ಬೋರ್ಡ್ ಒರೆಸಿಟ್ಟಿದ್ದ. ಅಂದಿನಿಂದ ನಾನು ಬರೆದು ಕಳಿಸುವುದಿಲ್ಲ. ವಾಟ್ಸ್‌ಆ್ಯಪಿನಲ್ಲಿ ಅರ್ಧ ನಿಮಿಷದ ವಾಯ್ಸ್ ಮೆಸೇಜ್, ನನಗೆ ಬರುವಷ್ಟು ಮಲಯಾಳದಲ್ಲಿ ಅಥವಾ ತುಳುವಿನಲ್ಲಿ. ಜೂನ್ ಮುಗಿಯುವ ಮೊದಲು ಪ್ರತಿ ಮನೆಗೂ ಒಂದು ಒಳ್ಳೆಯ ಸುದ್ದಿ ಹೋಗಿರಬೇಕು. ದೂರು ಇದ್ದರೆ ಆಮೇಲೆ, ಮುಖ ನೋಡಿಯೇ.

“ಮನೆಯಲ್ಲಿ ಕನ್ನಡ ಇಲ್ಲ, ಇವನಿಗೆ ಬರುತ್ತಾ ಟೀಚರ್?” ಅಂತ ತುಂಬ ತಾಯಂದಿರು ಕೇಳುತ್ತಾರೆ. ನಮ್ಮ ಊರಿನ ದೊಡ್ಡ ಕನ್ನಡ ಕವಿಗಳಲ್ಲಿ ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಯ್ಯಾರ ಕಿಞ್ಞಣ್ಣ ರೈಗಳದ್ದು ತುಳು ಅಂತ ನಾನು ಹೇಳುತ್ತೇನೆ. ಅವರ ಮುಖ ಅರಳುವುದನ್ನು ನೋಡಲಿಕ್ಕಾದರೂ ಹೇಳಬೇಕು.

ಎರಡು ವರ್ಷದ ಹಿಂದೆ ನಮ್ಮಲ್ಲಿಗೆ ಒಬ್ಬರು ಹೊಸ ಟೀಚರ್ ಬಂದರು. ಕನ್ನಡ ಬಾರದು. ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡ ಬಾರದವರನ್ನು ಹಾಕುವುದು ಈ ಜಿಲ್ಲೆಯ ಹಳೆಯ ನೋವು. ಅದು ತಪ್ಪು. ಮಕ್ಕಳಿಗೆ ಅನ್ಯಾಯ. ಈ ಮಾತನ್ನು ನಾನು ಮೀಟಿಂಗಿನಲ್ಲೂ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ. ಆದರೆ ಎರಡನೇ ದಿನವೇ ಅವರು ಸ್ಟಾಫ್ ರೂಮಿನಲ್ಲಿ ಅಳುತ್ತ ಕೂತಿದ್ದರು. ಮಕ್ಕಳು ಮಾತೇ ಕೇಳುವುದಿಲ್ಲ ಅಂದರು. ನನಗೆ ಆ ಹುಡುಗ ನೆನಪಾದ, ಕಿಟಕಿ ಕಡೆ ನೋಡುತ್ತ ನಿಂತವನು. ಇವರದ್ದೂ ಅದೇ ಸ್ಥಿತಿ ಅಲ್ವಾ? ಒಂದು ವಾರ ಬಿಡುವಿನ ಪಿರಿಯಡಿನಲ್ಲಿ ಅವರ ಜತೆ ಕೂತೆ. ನಾಲ್ಕು ಸನ್ನೆ ಕಲಿಸಿದೆ. ಮೂವತ್ತು ಕನ್ನಡ ವಾಕ್ಯ ಮಲಯಾಳ ಲಿಪಿಯಲ್ಲಿ ಬರೆದುಕೊಟ್ಟೆ. ತಪ್ಪಿದಾಗ ತಿದ್ದುವ ಕೆಲಸ ಏಳನೇ ಕ್ಲಾಸಿನ ಹುಡುಗಿಯರಿಗೆ. ತಿದ್ದುವಾಗ ಆ ಹುಡುಗಿಯರ ಕನ್ನಡವೇ ಗಟ್ಟಿಯಾಯಿತು. ಆ ಟೀಚರ್ ಈಗ ಕನ್ನಡ ಅಕ್ಷರ ಓದುತ್ತಾರೆ. ಒತ್ತಕ್ಷರ ಇನ್ನೂ ಕಷ್ಟ.

ಈ ವರ್ಷ ನನ್ನ ಕ್ಲಾಸಿಗೆ 34 ಮಕ್ಕಳು ಬರುತ್ತಾರಂತೆ. ಕೊಡೆಯ ಹಗ್ಗ ಹಳತಾಗಿದೆ. ಶಾಲೆ ಶುರುವಾಗುವ ಮೊದಲು ಉಪ್ಪಳಕ್ಕೆ ಹೋಗಿ ಹೊಸದು ತರಬೇಕು, ಮಳೆ ಡಬ್ಬಕ್ಕೆ ಒಂದಷ್ಟು ಹೊಸ ಹಾಳೆಯನ್ನೂ.