ಕುರಿಯ ಪಿಸುರು, ಸ್ಟ್ರಿಪ್ ಮೇಲೆ ಎರಡು ಗೆರೆ

ಚಳ್ಳಕೆರೆಯಲ್ಲಿ ಕೂತು ಪಿಪಿಆರ್‌ಗೆ, ಅಂದರೆ ಕುರಿ-ಮೇಕೆಗಳಿಗೆ ಬರೋ ವೈರಸ್ ರೋಗಕ್ಕೆ, ಗೆರೆ ನೋಡಿ ಪತ್ತೆ ಮಾಡೋ ಸ್ಟ್ರಿಪ್ ಮಾಡ್ತೇನೆ ಅಂದಾಗ ಗೆಳೆಯರು ನಕ್ಕಿದ್ದರು. "ಅದೆಲ್ಲ ಬೆಂಗಳೂರಿನ ಕೆಲಸ ಕಣೋ, ಸುಮ್ನಿರು." ಈಗ ಗೆರೆ ನೀಟಾಗಿ ಬರ್ತಿದೆ, ಅದಕ್ಕೇ ಬರೀತಿದ್ದೇನೆ.

ರಕ್ತದಲ್ಲಿ ಪ್ರತಿಕಾಯ (ವೈರಸ್ ವಿರುದ್ಧ ದೇಹ ಮಾಡಿಕೊಳ್ಳೋ ಪ್ರೋಟೀನ್) ಹುಡುಕೋ ದಾರಿಗೆ ನಾನು ಹೋಗಲೇ ಇಲ್ಲ. ಪಿಪಿಆರ್ ಲಸಿಕೆಯಲ್ಲಿರೋದು ಬಲ ಕುಂದಿಸಿದ ಜೀವಂತ ವೈರಸ್. ಲಸಿಕೆ ಹಾಕಿಸಿಕೊಂಡು ಗುಂಡುಕಲ್ಲಿನಂತಿರೋ ಕುರಿಯೂ ಪಾಸಿಟಿವ್ ಬರುತ್ತದೆ, ಏನು ಉಪಯೋಗ? ಹಾಗಾಗಿ ವೈರಸ್ಸನ್ನೇ ಹಿಡಿಯೋಣ ಅಂತ ಅದರೊಳಗಿನ ಎನ್ ಅನ್ನೋ ಪ್ರೋಟೀನ್‌ಗೆ ಅಂಟೋ ಒಂದು ಜೋಡಿ ಪ್ರತಿಕಾಯ ತರಿಸಿದೆ.

ಮೊದಲು ಕೈಕೊಟ್ಟಿದ್ದು ಚಿನ್ನ, ಗೆರೆಗೆ ಬಣ್ಣ ಕೊಡೋ ಸಣ್ಣ ಕಣಗಳ ದ್ರಾವಣ. ದಾಳಿಂಬೆ ರಸದ ಬಣ್ಣ ಬರಬೇಕಾದ ಕಡೆ ಮೂರು ಸಲ ನೇರಳೆ ಬಂತು. ಗ್ರಾಂ ಗೋಲ್ಡ್ ಕ್ಲೋರೈಡ್‌ಗೆ ಆಗ ಎಂಟೋ ಒಂಬತ್ತೋ ಸಾವಿರ. "ಕೊರಳಿಗೆ ಹಾಕೋದನ್ನ ನೀರಿಗೆ ಹಾಕ್ತಿದ್ದೀರಲ್ರೀ" ಅಂತ ಮನೆಯವಳು ಬೈದಳು. ಆಮೇಲೆ ನೋಡಿದರೆ, ಡಿಸ್ಟಿಲ್ಡ್ ವಾಟರ್ ಕ್ಯಾನ್‌ಗಟ್ಟಲೆ ತರಿಸ್ತಿದ್ದೆ, ಆದರೆ ಹುಡುಗ ಫ್ಲಾಸ್ಕ್ ತೊಳೀತಿದ್ದುದು ಬೋರ್ ನೀರಲ್ಲಿ! ಒಳಗೆ ಬೆಳ್ಳಗೆ ಕಟ್ಟಿದ ಉಪ್ಪು ಬೆರಳಿಗೆ ಸಿಗ್ತಿತ್ತು. ಚಿನ್ನವನ್ನೂ ಕರಗಿಸೋ ಆಸಿಡ್ ಮಿಶ್ರಣ ಆಕ್ವಾ ರೀಜಿಯಾದಲ್ಲಿ ತೊಳೆದ ಮೇಲೆ ಸರಿಹೋಯಿತು.

ಎರಡನೇ ತಪ್ಪು ಜಿಪುಣತನದ್ದು. ಪ್ರತಿಕಾಯ ಆಗ ಮಿಲಿಗ್ರಾಂಗೆ ಸುಮಾರು 45 ಸಾವಿರ, ಅದಕ್ಕೇ ಚಿನ್ನದ ಕಣಗಳಿಗೆ ಅಂಟಿಸುವಾಗ ಕಡಿಮೆ ಹಾಕಿ ನೋಡಿದೆ. ಸಾಕಾಗಿದೆಯಾ ಅಂತ ನೋಡೋಕೆ ಉಪ್ಪು ಬಿಟ್ಟ ತಕ್ಷಣ ಕಣಗಳು ಗುಂಪುಗೂಡಿ ಟ್ಯೂಬೆಲ್ಲ ನೀಲಿ. ಉಳಿಸಿದ್ದು ನಾಲ್ಕು ಸಾವಿರ, ಕಳೆದಿದ್ದು ಮೂವತ್ತರ ಹತ್ತಿರ.

ಏಪ್ರಿಲ್‌ನಲ್ಲಿ ಮೆಂಬ್ರೇನ್ ಕಾಟ, ಅಂದರೆ ಗೆರೆ ಎಳೆಯೋ ತೆಳು ಹಾಳೆಯದ್ದು. ನಮ್ಮೂರ ಒಣಹವೆಗೆ ಅದು ಸ್ಟ್ಯಾಟಿಕ್ ಹಿಡಿದು ಕೈಗೆಲ್ಲ ಅಂಟುತ್ತಿತ್ತು, ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಇಲ್ಲವೇ ಇಲ್ಲ. ಹ್ಯುಮಿಡಿಟಿ ಯಂತ್ರಕ್ಕೆ ದುಡ್ಡೆಲ್ಲಿ? ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ ಹಿಂದೆ ಫ್ಯಾನ್ ಇಟ್ಟೆ, ತೇವಾಂಶದ ಮೀಟರ್ ಶೇಕಡ 45ರ ಆಸುಪಾಸು ನಿಂತಿತು. ನಗಬೇಡಿ, ಇವತ್ತಿಗೂ ಅದೇ ನಡೀತಿದೆ.

ಈ ನಡುವೆ ಹಿಕ್ಕೆಯಲ್ಲೂ ವೈರಸ್ ಹುಡುಕೋ ಹುಚ್ಚು. ಭೇದಿ ಆಗೋ ಕುರಿಯ ಹಿಕ್ಕೆ ಕಲಸಿ ಬಿಟ್ಟೆ, ಸ್ಟ್ರಿಪ್ ಪೂರ್ತಿ ಕಾಫಿ ಡಿಕಾಕ್ಷನ್ ಬಣ್ಣ. ಮೂಗಿನ ಸಿಂಬಳ ಪ್ಯಾಡಲ್ಲೇ ಕಟ್ಟಿಕೊಳ್ಳುತ್ತದೆ. ಕಣ್ಣಿನ ಪಿಸುರೇ ವಾಸಿ, ಆದರೆ ಸ್ವಾಬ್ ಬಫರ್ ದ್ರಾವಣದಲ್ಲಿ ಎಷ್ಟು ಹೊತ್ತು ನೆನೀಬೇಕು, ಬಫರ್‌ನಲ್ಲಿ ಏನಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ವೈರಸ್ಸಿನ ಜೀನ್ ಹುಡುಕೋ ಲ್ಯಾಬ್ ಪರೀಕ್ಷೆ ಪಿಸಿಆರ್ ಜೊತೆ ಹೋಲಿಸಿದ್ದು ನಲವತ್ತು ಚಿಲ್ಲರೆ ಸ್ವಾಬ್. ತಪ್ಪಿದ್ದು ಮೂರೋ ನಾಲ್ಕೋ, ಎಲ್ಲವೂ ಜ್ವರ ಬಂದು ವಾರ ದಾಟಿದ್ದವು. ನೀಲಿ ನಾಲಿಗೆ ರೋಗದ ಕುರಿಗಳಲ್ಲಿ ಒಂದಕ್ಕೂ ಗೆರೆ ಬರಲಿಲ್ಲ. ಎರಡಕ್ಕೂ ಬಾಯಿಹುಣ್ಣು, ಸಿಂಬಳ ಒಂದೇ ತರ ಅಲ್ವಾ, ಅದಕ್ಕೇ ನನಗೆ ಆ ಖಾಲಿ ಜಾಗ ನೋಡಿ ಜಾಸ್ತಿ ಖುಷಿ.

ಒಟ್ಟು ಆರೂವರೆ ಲಕ್ಷ ಹೋಗಿರಬಹುದು. ಮೊನ್ನೆ ಹಟ್ಟಿಯೊಂದರಲ್ಲಿ ಟಗರಿನ ಕಣ್ಣಿಗೆ ಸ್ವಾಬ್ ಹಾಕಿ ಸ್ಟ್ರಿಪ್ ಇಟ್ಟು ಕೂತಿದ್ದೆ. ಕುರಿಗಾಹಿ ಅಜ್ಜ ಬಗ್ಗಿ ನೋಡಿದ. "ಇದು ಬಸ್ರಿ ನೋಡೋ ಕಡ್ಡಿ ಅಲ್ವೇನ್ ಸಾರ್? ಟಗರಿಗ್ಯಾಕೆ ಹಾಕ್ತೀರಿ?"