ದೂರದ ದೇಶದ ಗಲಭೆಯನ್ನು ಮೊದಲೇ ಓದುವುದು ಹೇಗೆ? ಕೀನ್ಯಾ ಇಟ್ಟುಕೊಂಡು ಒಂದು ಅಭ್ಯಾಸ

ಬೇರೆ ದೇಶದಲ್ಲಿ ಹೊಡೆದಾಟ ಆಗಬಹುದು ಅಂತ ಒಂದು ಸರ್ಕಾರಕ್ಕೆ ಮೊದಲೇ ತಿಳಿಯುವುದು ಹೇಗೆ? ತಿಳಿದ ಮೇಲೆ ಸೈನ್ಯ ಕಳಿಸದೆ ಮಾತಿನಲ್ಲೇ ಏನು ಮಾಡಬಹುದು? ಹಾಸನದಲ್ಲಿ ನಾನು ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಕೊನೆಯ ಸೆಮಿಸ್ಟರ್‌ನ ಮಕ್ಕಳಿಗೆ ಈ ಅಭ್ಯಾಸ ಮಾಡಿಸದೆ ಬಿಡುವುದಿಲ್ಲ. ಐಎಎಸ್‌ಗೆ ಓದುವವರೂ ಇದನ್ನು ಮಾಡಿ ನೋಡಬಹುದು. ಒಂದು ಚಾರ್ಟ್ ಪೇಪರ್, ಒಂದು ನಕ್ಷೆ, ಎರಡು ಬಣ್ಣದ ಪೆನ್ನು ಇದ್ದರೆ ಸಾಕು.

ಅಮೆರಿಕದ ವಿದೇಶಾಂಗ ಇಲಾಖೆ 2004ರಲ್ಲಿ ಈ ಕೆಲಸಕ್ಕೆಂದೇ ಒಂದು ಕಚೇರಿ ತೆರೆದಿತ್ತು. 2011ರಲ್ಲಿ ಅದು ದೊಡ್ಡ ವಿಭಾಗವಾಯಿತು. 2008ರಲ್ಲಿ ಅಲ್ಲಿನ ಹಲವು ಇಲಾಖೆಗಳು ಸೇರಿ ವಿಶ್ಲೇಷಣೆಗೆ ಒಂದು ಚೌಕಟ್ಟು ರೂಪಿಸಿದವು. ಜನರ ಅಸಮಾಧಾನ ಏನು, ತಡೆಯುವ ಶಕ್ತಿ ಎಲ್ಲಿದೆ, ಮುಖ್ಯ ವ್ಯಕ್ತಿಗಳು ಯಾರು, ಅಪಾಯದ ಸಮಯ ಯಾವುದು? ಅದರ ತಿರುಳು ಇಷ್ಟೇ. ಇದನ್ನು ಕೀನ್ಯಾದ 2007ರ ಚುನಾವಣೆಗೆ ಹಚ್ಚಿ ನೋಡೋಣ.

ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ. "ಕೀನ್ಯಾದಲ್ಲಿ ಗಲಾಟೆ ಆಗುತ್ತಾ?" ಅಂತ ಕೇಳಿದರೆ ಉತ್ತರ ಯಾರ ಕೆಲಸಕ್ಕೂ ಬರುವುದಿಲ್ಲ. "ಡಿಸೆಂಬರ್ 27ರ ಮತದಾನದ ನಂತರ, ರಿಫ್ಟ್ ವ್ಯಾಲಿ ಪ್ರಾಂತ್ಯದಲ್ಲಿ, ಯಾರು ಯಾರ ಮೇಲೆ ಬೀಳಬಹುದು?" ಅಂತ ಕೇಳಿ. ಸಮಯ, ಜಾಗ, ಜನ ಮೂರೂ ಇರಬೇಕು.

ಆಮೇಲೆ ಸಿಟ್ಟಿನ ಬೇರು ಹುಡುಕಿ. ಇಲ್ಲಿ ಮಕ್ಕಳು ಸುಮ್ನೆ "ಜನಾಂಗ ದ್ವೇಷ" ಅಂತ ಬರೆದುಬಿಡುತ್ತಾರೆ. ನಾನು ಅದನ್ನು ಹೊಡೆದು ಹಾಕುತ್ತೇನೆ. ಅಲ್ಲಿನ ಕಿಕುಯು ಮತ್ತು ಕಲೆಂಜಿನ್ ಎಂಬ ಎರಡು ಜನಾಂಗಗಳ ಜನ ದಿನಾ ಹೊಡೆದಾಡುತ್ತಿರಲಿಲ್ಲ, ಅಕ್ಕಪಕ್ಕದಲ್ಲೇ ಬೇಸಾಯ ಮಾಡಿಕೊಂಡಿದ್ದರು. ಬೇರು ಇದ್ದದ್ದು ಜಮೀನಿನಲ್ಲಿ. ಬ್ರಿಟಿಷರು ಎತ್ತರದ ಫಲವತ್ತಾದ ನೆಲವನ್ನು ಬಿಳಿಯರಿಗೆ ಕೊಟ್ಟರು. 1963ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಅದರಲ್ಲಿ ಒಂದಷ್ಟು ಹೊರಗಿನಿಂದ ಬಂದು ನೆಲೆಸಿದವರ ಕೈಸೇರಿತು. ಅವರಲ್ಲಿ ಕಿಕುಯು ಜನ ಜಾಸ್ತಿ. ನಮ್ಮ ನೆಲ ಹೋಯಿತು ಅನ್ನುವ ನೋವು ಕಲೆಂಜಿನ್ ಜನರಲ್ಲಿ ಉಳಿಯಿತು. 1992 ಮತ್ತು 1997ರ ಚುನಾವಣೆಗಳ ಸುತ್ತಮುತ್ತ ಇದೇ ನೋವಿಗೆ ಬೆಂಕಿ ಹಚ್ಚಲಾಯಿತು. ಹಳೆಯ ಗಲಭೆಗಳ ಊರುಗಳನ್ನು ನಕ್ಷೆಯಲ್ಲಿ ಕೆಂಪು ಚುಕ್ಕೆ ಇಟ್ಟು ಗುರುತಿಸಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಸಿಟ್ಟೊಂದೇ ಜನರನ್ನು ಕೊಲ್ಲುವುದಿಲ್ಲ. ಹುಡುಗರನ್ನು ಯಾರೋ ಸೇರಿಸಬೇಕು, ದುಡ್ಡು ಕೊಡಬೇಕು, ಗಾಡಿ ಕೊಡಬೇಕು. ಆದ್ದರಿಂದ ಮುಖ್ಯ ವ್ಯಕ್ತಿಗಳ ಪಟ್ಟಿ ಮಾಡಿ, ಪ್ರತಿ ಹೆಸರಿನ ಮುಂದೆ ಮೂರು ಕಾಲಂ ಎಳೆಯಿರಿ. ಇವರಿಗೆ ಏನು ಬೇಕು? ಕೈಯಲ್ಲಿ ಏನಿದೆ? ಯಾರ ಮಾತು ಕೇಳುತ್ತಾರೆ? ಮೂರನೇ ಕಾಲಂ ಖಾಲಿ ಬಿಟ್ಟರೆ ನಾನು ಪೇಪರ್ ವಾಪಸ್ ಕೊಡುತ್ತೇನೆ. ರಾಜತಾಂತ್ರಿಕತೆ ಶುರುವಾಗುವುದೇ ಆ ಕಾಲಂನಿಂದ.

ಪಟ್ಟಿಯಲ್ಲಿ ಪೊಲೀಸರನ್ನೂ ಸೇರಿಸಿ. ಈ ಚುನಾವಣೆಯ ನಂತರದ ಹಿಂಸೆಯನ್ನು ತನಿಖೆ ಮಾಡಿದ ಕೀನ್ಯಾದ ವಾಕಿ ಆಯೋಗ ಎಣಿಸಿದ 1,133 ಸಾವುಗಳಲ್ಲಿ 405 ಗುಂಡೇಟಿನಿಂದ ಆದವು. ಬರೀ ಜನಾಂಗಗಳ ಜಗಳ ಅಂತ ನೋಡಿದವರಿಗೆ ಇದು ಕಾಣುವುದೇ ಇಲ್ಲ.

ಇನ್ನು ಕ್ಯಾಲೆಂಡರ್. ಮತದಾನದ ದಿನಕ್ಕಿಂತ ಎಣಿಕೆಯ ದಿನಗಳ ಮೇಲೆ ಕಣ್ಣಿಡಿ. ಡಿಸೆಂಬರ್ 27ರಂದು ಜನ ಶಾಂತವಾಗಿ ಸಾಲಿನಲ್ಲಿ ನಿಂತು ಮತ ಹಾಕಿದರು. ಎಣಿಕೆ ಎಳೆಯುತ್ತಾ ಹೋಯಿತು, ಅನುಮಾನ ಬೆಳೆಯಿತು. 30ರಂದು ಆಗಲೇ ಅಧ್ಯಕ್ಷರಾಗಿದ್ದ ಮ್ವಾಯಿ ಕಿಬಾಕಿ ಗೆದ್ದರು ಅಂತ ಘೋಷಿಸಿ, ಅದೇ ಸಂಜೆ ತರಾತುರಿಯಲ್ಲಿ ಪ್ರಮಾಣವಚನ ಮಾಡಿಸಿದರು. ಎದುರಾಳಿ ರೈಲಾ ಒಡಿಂಗಾ ಕಡೆಯವರು ರೊಚ್ಚಿಗೆದ್ದರು. ಕಿಬಾಕಿ ಕಿಕುಯು ಜನಾಂಗದವರು, ಕಲೆಂಜಿನ್ ಜನರಲ್ಲಿ ಹೆಚ್ಚಿನವರು ಒಡಿಂಗಾ ಕಡೆ ಇದ್ದರು. 2008ರ ಜನವರಿ 1ರಂದು ರಿಫ್ಟ್ ವ್ಯಾಲಿಯ ಎಲ್ಡೊರೆಟ್ ಪಟ್ಟಣದ ಹತ್ತಿರದ ಕಿಯಾಂಬಾದಲ್ಲಿ, ಕಿಕುಯು ಜನ ಆಶ್ರಯ ಪಡೆದಿದ್ದ ಚರ್ಚಿಗೆ ಬೆಂಕಿ ಹಚ್ಚಿದರು. ಸತ್ತವರಲ್ಲಿ ಹೆಂಗಸರು, ಮಕ್ಕಳೇ ಜಾಸ್ತಿ. ಹೊರಗಿನ ಸರ್ಕಾರಗಳು ಇಂಥ ದಿನಗಳಲ್ಲಿ ಬಾಯಿ ಬಿಗಿಹಿಡಿಯಬೇಕು. ಅಮೆರಿಕ ಮೊದಲು ಕಿಬಾಕಿಯವರಿಗೆ ಅಭಿನಂದನೆ ಹೇಳಿ, ಆಮೇಲೆ ಆ ಮಾತಿನಿಂದ ಹಿಂದೆ ಸರಿಯಬೇಕಾಯಿತು.

ಈಗ ಹಸಿರು ಪೆನ್ನು ತೆಗೆದುಕೊಳ್ಳಿ. ಜಗಳ ತಡೆಯುವ ಜನ ಎಲ್ಲಿದ್ದಾರೆ? ನನಗೆ ಈ ಭಾಗವೇ ಹೆಚ್ಚು ಇಷ್ಟ. ಈಶಾನ್ಯ ಕೀನ್ಯಾದ ವಾಜಿರ್‌ನಲ್ಲಿ 1990ರ ದಶಕದ ಮೊದಲಲ್ಲಿ ಕುಲಕುಲಗಳ ನಡುವೆ ಕೊಲೆಗಳಾಗುತ್ತಿದ್ದವು. ದೇಖಾ ಇಬ್ರಾಹಿಂ ಅಬ್ದಿ ಮತ್ತು ಕೆಲವು ಹೆಂಗಸರು ಸಂತೆಯಿಂದ ಶುರು ಮಾಡಿದರು. ಯಾವ ಕುಲದವಳಾದರೂ ಅಲ್ಲಿ ಹೆದರಿಕೆ ಇಲ್ಲದೆ ಮಾರಬೇಕು, ಕೊಳ್ಳಬೇಕು. ಅದನ್ನು ಅವರೇ ನಿಂತು ಕಾದರು. ಅಲ್ಲಿಂದ ಹಿರಿಯರ ಹತ್ತಿರ, ಹುಡುಗರ ಹತ್ತಿರ ಹೋದರು. 2007ರ ಕೊನೆಯಲ್ಲಿ ದೇಶ ಹೊತ್ತಿಕೊಂಡಾಗ ಅದೇ ದೇಖಾ ನೈರೋಬಿಯಲ್ಲಿ ನಿವೃತ್ತ ಸೇನಾಧಿಕಾರಿಗಳು, ರಾಯಭಾರಿಗಳ ಜೊತೆ ಕೂತು ಶಾಂತಿಯ ಕೆಲಸ ಮಾಡುತ್ತಿದ್ದರು. ಇಂಥವರನ್ನು ಗುರುತಿಸದ ವಿಶ್ಲೇಷಣೆಯಲ್ಲಿ ಭಯ ಮಾತ್ರ ಇರುತ್ತದೆ, ದಾರಿ ಇರುವುದಿಲ್ಲ.

ಕೊನೆಗೆ ಮಧ್ಯಸ್ಥಿಕೆ. ಮಾತುಕತೆ ಒಂದೇ ಕಡೆ ನಡೆಯಬೇಕು. ಜನವರಿ 22ರಂದು ವಿಶ್ವಸಂಸ್ಥೆಯ ಮಾಜಿ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಮಧ್ಯಸ್ಥಿಕೆಗೆ ನೈರೋಬಿಗೆ ಬಂದರು, ಜೊತೆಗೆ ನೆಲ್ಸನ್ ಮಂಡೇಲಾ ಅವರ ಪತ್ನಿ ಗ್ರಾಸಾ ಮಾಶೆಲ್ ಮತ್ತು ತಾಂಜಾನಿಯಾದ ಮಾಜಿ ಅಧ್ಯಕ್ಷ ಬೆಂಜಮಿನ್ ಎಂಕಾಪಾ. ಫೆಬ್ರವರಿ 18ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಂಡೊಲೀಜಾ ರೈಸ್ ಬಂದರು. ಅಧಿಕಾರ ಹಂಚಿಕೊಳ್ಳಿ ಅಂತ ಒತ್ತಡ ಹಾಕಿದರೇ ಹೊರತು ತಮ್ಮದೇ ಬೇರೆ ಮಾತುಕತೆ ಶುರು ಮಾಡಲಿಲ್ಲ, ಅನ್ನಾನ್ ಬೆನ್ನಿಗೆ ನಿಂತರು. ದೊಡ್ಡ ದೇಶಗಳಿಗೆ ಇದು ಕಷ್ಟದ ಕೆಲಸ.

ಅನ್ನಾನ್ ವಿಷಯಗಳನ್ನು ನಾಲ್ಕಾಗಿ ವಿಂಗಡಿಸಿದರು. ಹಿಂಸೆ ನಿಲ್ಲಿಸುವುದು, ನೊಂದವರಿಗೆ ನೆರವು, ಅಧಿಕಾರದ ಬಿಕ್ಕಟ್ಟು, ಕೊನೆಗೆ ಜಮೀನು, ಸಂವಿಧಾನ, ನಿರುದ್ಯೋಗದಂಥ ಹಳೆಯ ಗಾಯಗಳು. ಸುಲಭದ್ದು ಮೊದಲು. ಎರಡೂ ಕಡೆಯ ಸಂಧಾನಕಾರರನ್ನು ಕ್ಯಾಮೆರಾಗಳಿಂದ ದೂರ, ತ್ಸಾವೊ ಕಾಡಿನ ಕಿಲಗುನಿ ಲಾಡ್ಜ್‌ಗೆ ಕರೆದುಕೊಂಡು ಹೋದರು. ಅಲ್ಲಿ ಜರ್ಮನಿಯ ಒಬ್ಬ ಮಂತ್ರಿ, ತಮ್ಮ ದೇಶದಲ್ಲಿ ಎದುರಾಳಿ ಪಕ್ಷಗಳು ಸೇರಿ ಸರ್ಕಾರ ಮಾಡಿದ್ದು ಹೇಗೆ ಅಂತ ವಿವರಿಸಿದರು. ತಂಡಗಳ ಮಟ್ಟದಲ್ಲಿ ಮಾತು ನಿಂತಾಗ ಅನ್ನಾನ್ ಅದನ್ನು ಅಲ್ಲಿಗೇ ತಡೆದು, ನೇರವಾಗಿ ಕಿಬಾಕಿ ಮತ್ತು ಒಡಿಂಗಾ ಅವರನ್ನು ಕೂರಿಸಿದರು. ತಾಂಜಾನಿಯಾದ ಅಧ್ಯಕ್ಷ ಕಿಕ್ವೆಟೆ ಕೂಡ ಬಂದರು. ಅಧ್ಯಕ್ಷ, ಪ್ರಧಾನಿ ಇಬ್ಬರೂ ಇರುವ ದೇಶ ನಡೆಸುವುದು ಅವರಿಗೆ ಗೊತ್ತಿತ್ತಲ್ವಾ. ಫೆಬ್ರವರಿ 28ರಂದು ಅಧಿಕಾರ ಹಂಚಿಕೆಯ ಒಪ್ಪಂದಕ್ಕೆ ಸಹಿ ಬಿತ್ತು: ಕಿಬಾಕಿ ಅಧ್ಯಕ್ಷ, ಒಡಿಂಗಾ ಪ್ರಧಾನಿ. ಮೂರನೇ ಕಾಲಂ ತುಂಬಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಫಲಿತಾಂಶ ಅಳೆಯುವಾಗ ಪ್ರಾಮಾಣಿಕವಾಗಿರಿ. 2013ರ ಚುನಾವಣೆ ಬಹುತೇಕ ಶಾಂತವಾಗಿ ನಡೆಯಿತು. 2010ರ ಹೊಸ ಸಂವಿಧಾನ, ಸುಪ್ರೀಂ ಕೋರ್ಟ್, ಊರೂರಿನ ಶಾಂತಿ ಸಮಿತಿಗಳು ನೆರವಾದವು. ಆದರೆ ಕಿಕುಯು ನಾಯಕ ಉಹುರು ಕೆನ್ಯಾಟಾ ಮತ್ತು ಕಲೆಂಜಿನ್ ನಾಯಕ ವಿಲಿಯಂ ರುಟೊ ಒಂದಾದದ್ದರಿಂದ ಕಿಕುಯು ಮತ್ತು ಕಲೆಂಜಿನ್ ಜನ ಒಂದೇ ಬಣಕ್ಕೆ ಬಂದರು. ಅದೂ ದೊಡ್ಡ ಕಾರಣ. ಅದನ್ನು ಬರೆಯದೆ ಎಲ್ಲ ರಾಜತಾಂತ್ರಿಕತೆಯ ಫಲ ಅಂದರೆ ಮುಂದಿನ ಸಲದ ಲೆಕ್ಕ ತಪ್ಪುತ್ತದೆ. 2017ರಲ್ಲಿ ಮತ್ತೆ ಜನ ಸತ್ತರು, ಹೆಚ್ಚಿನವರು ಪೊಲೀಸರ ಕೈಯಲ್ಲಿ.

ಸ್ವಂತವಾಗಿ ಅಭ್ಯಾಸ ಮಾಡುವವರಿಗೆ ಕೀನ್ಯಾದ ಮುಂದಿನ ಚುನಾವಣೆ ಇದೆ. ಸಂವಿಧಾನದ ಪ್ರಕಾರ ಐದು ವರ್ಷಕ್ಕೊಮ್ಮೆ ಆಗಸ್ಟ್‌ನ ಎರಡನೇ ಮಂಗಳವಾರ. ಅಂದರೆ 2027ರ ಆಗಸ್ಟ್ 10. ಆ ದಿನಾಂಕವನ್ನು ಚಾರ್ಟಿನ ಬಲತುದಿಯಲ್ಲಿ ಬರೆದು, ಅಲ್ಲಿಂದ ಹಿಂದಕ್ಕೆ ತಿಂಗಳುಗಳನ್ನು ಗುರುತು ಹಾಕುತ್ತಾ ಬನ್ನಿ. ಪೊಲೀಸರ ಸಾಲು ಮೊದಲು ತುಂಬಿ.